ಮಾಮನೂ ಬದನೆಯ ನೆಂಟರೂ

ಗಲ್ಫಿಗೆ ಹೋಗಿ ಮಂಡೆ ಕೆಡಿಸಿಕೊಂಡು ಬಂದವರು ಫರಂಗಿಪೇಟೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಹೂವಿನಿಂದ ಕೆಡಿಸಿಕೊಂಡು ಬಂದವರು ನಮ್ಮ ಮಾಮ ಒಬ್ಬರೇ!

ಮಾಮ ಎಂದರೆ ನನ್ನ ಉಮ್ಮನ ಅಣ್ಣ. ಶಾಲೆ ಮುಗಿಯುವವರೆಗೆ ನಾನು ಬೆಳೆದದ್ದು ಅವರ ಮನೆಯಲ್ಲೇ. ಪ್ರಾಯವನ್ನೆಲ್ಲ ಮರುಭೂಮಿಯ ಒಂದು ಪಟ್ಟಣದಲ್ಲಿ, ರಸ್ತೆಯ ವೃತ್ತಗಳಿಗೆ ಹೂಗಿಡ ನೆಡುವ ಕೆಲಸದಲ್ಲಿ ಕಳೆದು, ತೊಂಬತ್ತರ ದಶಕದ ಕೊನೆಗೆ ಊರಿಗೆ ಮರಳಿದರು. ಬೇರೆಯವರು ಬರುವಾಗ ಟೇಪ್ ರೆಕಾರ್ಡರ್, ಕಂಬಳಿ, ಅತ್ತರು ತರುತ್ತಾರೆ. ಮಾಮನ ಪೆಟ್ಟಿಗೆಯ ಸುತ್ತ ಬಾಯಿ ತೆರೆದು ಕೂತಿದ್ದ ನಮಗೆ ಕಂಡದ್ದು ಒಂದು ಹಾಲಿನ ಪುಡಿಯ ಡಬ್ಬಿ. ಮುಚ್ಚಳ ತೆಗೆದರೆ ಹಾಲಿನ ಪುಡಿಯೂ ಇಲ್ಲ! ಸಾಸಿವೆಗಿಂತ ಸಣ್ಣ ಬೀಜ, ಅದೂ ಹಲ್ವದಷ್ಟು ಜೋಪಾನವಾಗಿ ಕಾಗದದಲ್ಲಿ ಸುತ್ತಿದ್ದು.

“ಇದೆಂತ?” ಎಂದರು ಮಾಮಿ.

“ಪೆಟೂನಿಯಾ. ಹೂ.”

“ಕಾಯಿ ಆಗ್ತದಾ?”

“ತಿನ್ನುವಂಥದ್ದು ಆಗುದಿಲ್ಲ.”

“ಮುಡೀಲಿಕ್ಕೆ ಆಗ್ತದಾ?”

“ಕೊಯ್ದರೆ ಬಾಡ್ತದೆ.”

“ಮತ್ತೆ ಎಂತ ಮಾಡುದು ಇದನ್ನು?”

“ನೋಡುದು.”

ಮಾಮಿ ಹೂವನ್ನು ನೋಡುವ ಮೊದಲು ಮಾಮನನ್ನೇ ಒಮ್ಮೆ ಚೆನ್ನಾಗಿ ನೋಡಿದರು.

ಪೆಟೂನಿಯಾ ಒಂಟಿಯಾಗಿ ಉಳಿಯಲಿಲ್ಲ. ನೇರಳೆ, ಹಳದಿ, ಕೆಂಪು ಕಾಯಿ ಬಿಡುವ ಬಣ್ಣದ ಮೆಣಸು ಬಂತು. ಮೂಡುಬಿದಿರೆಯ ಸಂತೆಯಿಂದ ರಾತ್ರಿರಾಣಿ ಬಂತು. ಬೆಳ್ತಂಗಡಿಯಾಚೆ ಘಟ್ಟದ ಬುಡದಿಂದ ಒಂದು ಗೆಲ್ಲು ಬಂದು, ತುತ್ತೂರಿಯಂಥ ಹಳದಿ ಹೂಗಳನ್ನು ತಲೆಕೆಳಗಾಗಿ ತೂಗುವ ದೊಡ್ಡ ಉಮ್ಮತ್ತವಾಯಿತು. ಇವೆಲ್ಲ ಬದನೆಯ ಕುಟುಂಬಕ್ಕೇ ಸೇರಿದವಂತೆ. “ಹಾಗಾದರೆ ಆ ಬದನೆಯನ್ನೇ ಮಾಡಬಹುದಿತ್ತಲ್ಲ, ನೆಂಟರನ್ನು ಯಾಕೆ ಸಾಕುದು?” ಎಂದು ಮಾಮಿ ಕೇಳಿದ್ದರಲ್ಲಿ ತಪ್ಪೇನಿದೆ ಹೇಳಿ?

ಚಳಿದೇಶದವರು ಚಳಿಗಾಲದಲ್ಲಿ ಇಂಥ ಗಿಡಗಳನ್ನು ಮನೆಯೊಳಗೆ ಇಟ್ಟು ಉಳಿಸಿಕೊಳ್ಳುತ್ತಾರೆಂದು ಮಾಮನಿಗೆ ಅಲ್ಲಿ ಯಾರೋ ಹೇಳಿದ್ದರು.

“ನಮ್ಮ ಬಂಟ್ವಾಳದ ಕಡೆ ಚಳಿಗಾಲ ಎಲ್ಲಿ ಉಂಟು ಮಾಮ?” ಎಂದೆ ನಾನು.

“ಜೂನಿನಲ್ಲಿ ಶುರು ಆಗ್ತದಲ್ಲ!”

“ಅದು ಮಳೆಗಾಲ ಅಲ್ವಾ?”

“ನಿನಗೆ ಮಳೆಗಾಲ ಮಾರಾಯ. ಪೆಟೂನಿಯಾಕ್ಕೆ ಅದೇ ಚಳಿಗಾಲ. ಅವಕ್ಕೆ ಹಿಮವೂ ಒಂದೇ, ನಮ್ಮ ಮಳೆಯೂ ಒಂದೇ. ಕೊಳೆತು ಸಾಯ್ತವೆ.”

ಹೀಗೆ ಮೊದಲ ಗುಡುಗಿಗೇ ಗಿಡಗಳ ಮನೆಯೊಕ್ಕಲು! ಇರುವುದರಲ್ಲಿ ಚೆನ್ನಾಗಿ ಗಾಳಿ ಬೆಳಕು ಬರುವ ಮೂಡು ದಿಕ್ಕಿನ ಕೋಣೆ ಅವಕ್ಕೆ. ಟೇಬಲ್ ಫ್ಯಾನು ಅವುಗಳ ಕಡೆಗೆ ಮುಖ ಮಾಡಿ ತಿರುಗುತ್ತಿತ್ತು. ನಾವು ಬೀಸಣಿಗೆಯಲ್ಲಿ ನುಸಿ ಓಡಿಸಿಕೊಳ್ಳುತ್ತಿದ್ದೆವು. ಬಚ್ಚಲ ಒಲೆಯ ಬಿಸಿಗೆ ಬಟ್ಟೆ ಒಣಗಿಸುವ ಜಾಗದಲ್ಲಿ ಪೆಟೂನಿಯಾದ ಕಡ್ಡಿಗಳು ಬೆಚ್ಚಗೆ ಕೂತಿರುತ್ತಿದ್ದವು. ನಾವು ಅರೆ ಒದ್ದೆ ಅಂಗಿ ಹಾಕಿಕೊಂಡು ಮಸೀದಿಗೂ ಶಾಲೆಗೂ ಹೋಗುತ್ತಿದ್ದೆವು. ಒಮ್ಮೆ ಜಡಿಮಳೆಯಲ್ಲಿ ಹೊರಟು ನಿಂತ ಪಕ್ಕದ ಮನೆಯವರು ಕೊಡೆ ಕೇಳಿದರು. ಕೊಡೆ ಅಂಗಳದಲ್ಲಿ, ಒಳಗೆ ಹೊರಲಾಗದಷ್ಟು ಬೆಳೆದಿದ್ದ ಉಮ್ಮತ್ತದ ಬುಡಕ್ಕೆ ಕಟ್ಟಿತ್ತು. “ಸ್ವಲ್ಪ ಹೊತ್ತು ಕೂತುಕೊಳ್ಳಿ, ಮಳೆ ಬಿಡ್ತದೆ” ಎಂದರು ಮಾಮ. ಕೊಡೆ ಮಾತ್ರ ಬಿಚ್ಚಲಿಲ್ಲ!

ಇಷ್ಟೆಲ್ಲ ಚಾಕರಿ ಮಾಡಿಸಿಕೊಂಡೂ ಮಳೆ ಮುಗಿಯುವಾಗ ಬದುಕಿ ಉಳಿಯುತ್ತಿದ್ದುದು ಪೆಟೂನಿಯಾದ ಒಂದೋ ಎರಡೋ ಬೋಳು ಕಡ್ಡಿ. ಮಾಮನಿಗೆ ಅಂದೇ ಹಬ್ಬ.

ಹಬ್ಬವೆಂದಾಗ ನೆನಪಾಯಿತು. ಒಂದು ಬಕ್ರೀದಿಗೆ ಬೆಳುವಾಯಿಯಿಂದ ಒಳ್ಳೆಯ ಆಡೊಂದನ್ನು ತಂದು ಅಂಗಳದಲ್ಲಿ ಕಟ್ಟಿದ್ದರು. ಅದು ಹಗ್ಗ ಎಳೆದು ಎಳೆದು ಉಮ್ಮತ್ತದ ಸೊಪ್ಪಿಗೆ ಬಾಯಿ ಹಾಕಿತು. ಆಮೇಲೆ ಗೋಡೆಗೆ ಎದುರಾಗಿ ನಿಂತು, ಗೋಡೆಯಾಚೆ ಏನೋ ಕಾಣುತ್ತಿದೆಯೇನೋ ಎಂಬಂತೆ ದಿಟ್ಟಿಸತೊಡಗಿತು. ಕರೆದರೂ ತಿರುಗದು, ದೂಡಿದರೂ ಕದಲದು. “ಇದರ ಮಾಂಸ ತಿಂದರೆ ನಾವೂ ಹೀಗೇ ಗೋಡೆ ನೋಡಿಕೊಂಡು ನಿಲ್ಬೇಕಾದೀತು” ಎಂದು ಹಿರಿಯರು ಹೇಳಿದ ಮೇಲೆ ಬೇರೆ ಆಡು ತರಬೇಕಾಯಿತು. ಹಬ್ಬ ಮುಗಿಯುವಷ್ಟರಲ್ಲಿ ಮೊದಲಿನ ಆಡಿಗೆ ಪೂರ್ತಿ ಬೋಧ ಬಂದಿತ್ತು. ಅಷ್ಟು ಹೊತ್ತಿಗೆ ಎಲ್ಲರಿಗೂ ಅದರ ಮೇಲೆ ಪ್ರೀತಿಯೂ ಬಂದುಬಿಟ್ಟಿತ್ತು. ಅದು ಅಲ್ಲೇ ಮುದಿಯಾಯಿತು. “ಈ ಮನೆಯಲ್ಲಿ ಅಡುಗೆಗೆ ತಂದದ್ದೂ ಚಂದಕ್ಕೇ ಉಳೀತದೆ!” ಎಂದು ಮಾಮಿ ಹಣೆ ಬಡಿದುಕೊಂಡರು.

ಮಾಮನ ಹಿರಿಮಗಳನ್ನು ನೋಡಲು ಬೆಳ್ತಂಗಡಿಯಿಂದ ಹುಡುಗನ ಕಡೆಯವರು ಬಂದದ್ದೂ ಮಳೆಗಾಲದಲ್ಲೇ. ಚಾವಡಿಯಲ್ಲಿ ಕುರ್ಚಿಗಿಂತ ಗಿಡದ ಚಟ್ಟಿಗಳೇ ಹೆಚ್ಚಿದ್ದವು. ಹುಡುಗನ ದೊಡ್ಡಪ್ಪ ಮಾತಿನಲ್ಲಿ ಬಹಳ ಗಟ್ಟಿಗರು, ಎಂಥ ಸಂಬಂಧದಲ್ಲೂ ಹುಳುಕು ಹುಡುಕುವವರು ಎಂದು ಮೊದಲೇ ಸುದ್ದಿ ಬಂದಿತ್ತು. ಅವರು ಗಂಟಲು ಸರಿಮಾಡಿಕೊಂಡು, “ನೋಡಿ, ನಮ್ಮಲ್ಲಿ ಒಂದು ಕ್ರಮ ಉಂಟು...” ಎಂದು ಶುರು ಮಾಡುತ್ತಾ, ಪಕ್ಕದ ಚಟ್ಟಿಯಲ್ಲಿ ಹೊಳೆಯುತ್ತಿದ್ದ ನೇರಳೆ ಬಣ್ಣದ ಹಣ್ಣೊಂದನ್ನು ಕಿತ್ತು ಬಾಯಿಗೆ ಹಾಕಿಕೊಂಡರು. ಮಾಮ “ಅಯ್ಯೋ, ಅದು ಮೆಣಸು!” ಎನ್ನುವಷ್ಟರಲ್ಲಿ ಜಗಿದೂ ಆಗಿತ್ತು. ಮತ್ತೆ ಅವರು ಬಾಯಿ ತೆರೆದದ್ದು ನೀರು ಕುಡಿಯಲು, ಬೆಲ್ಲ ತಿನ್ನಲು, ಪುನಃ ನೀರು ಕುಡಿಯಲು ಮಾತ್ರ. ಮಾತಾಡುವವರೇ ಇಲ್ಲದ್ದರಿಂದ ಮದುವೆ ಸುಸೂತ್ರವಾಗಿ ನಿಶ್ಚಯವಾಯಿತು! ಆ ಗಿಡವೊಂದನ್ನು ಮಾತ್ರ ಮಾಮಿ ಕೊನೆಯವರೆಗೂ ಬೈದದ್ದಿಲ್ಲ.

ಮದುವೆಯ ಮುಂದಿನ ವರ್ಷ ಮಗಳು ಬಾಣಂತನಕ್ಕೆ ತವರಿಗೆ ಬಂದಳು. ಅದೂ ಜುಲೈಯಲ್ಲಿ! ಬಾಣಂತಿಗೂ ಮಗುವಿಗೂ ಒಣಗಿದ, ಬೆಚ್ಚಗಿನ ಕೋಣೆ ಬೇಕು. ಅಂಥದ್ದು ಮನೆಯಲ್ಲಿ ಒಂದೇ. ಅದರಲ್ಲಿ ಬದನೆಯ ನೆಂಟರು ಕಾಲು ಚಾಚಿ ಕೂತಿದ್ದಾರೆ.

ಮಾಮಿ ಯುದ್ಧಕ್ಕೆ ಸಿದ್ಧರಾದರು. ಬಂಟ್ವಾಳದ ಆಸ್ಪತ್ರೆಯಲ್ಲಿ ಮಗಳ ಮಂಚದ ಪಕ್ಕ ಕೂತು ಪೂರ್ತಿ ಭಾಷಣವನ್ನು ಮನಸ್ಸಿನಲ್ಲೇ ಬರೆದುಕೊಂಡಿದ್ದರು. ಗಿಡ ಹೊರಗೆ ಹೋಗಬೇಕು, ಇಲ್ಲವಾದರೆ ಗಿಡದ ಜೊತೆ ನೀವೂ ಹೊರಗೆ ಎಂಬುದು ಅದರ ಕೊನೆಯ ವಾಕ್ಯವಂತೆ. ಮಗುವನ್ನೆತ್ತಿಕೊಂಡು ಮನೆಗೆ ಬಂದವರು ನೇರ ಆ ಕೋಣೆಗೆ ನುಗ್ಗಿದರು. ಕೋಣೆ ಖಾಲಿ! ನೆಲ ತೊಳೆದು ಒರೆಸಿತ್ತು. ಮಂಚಕ್ಕೆ ಹೊಸ ಹಾಸು ಬಿದ್ದಿತ್ತು. ಚಟ್ಟಿಗಳೆಲ್ಲ ಅಂಗಳದಲ್ಲಿ, ಸುರಿಯುವ ಮಳೆಯಲ್ಲಿ. ಒಂದಕ್ಕೂ ಪ್ಲಾಸ್ಟಿಕ್ ಹೊದೆಸಿರಲಿಲ್ಲ. ಅಷ್ಟು ಚೆಂದದ ಭಾಷಣ ವ್ಯರ್ಥವಾದ ಸಿಟ್ಟು ಮಾಮಿಯ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಅಷ್ಟರಲ್ಲಿ ಓದಲು ತೋಡಾರು ಸೇರಿದ್ದ ನಾನು ಮಗು ನೋಡಲು ಹೋದಾಗ ಮಗಳಿಗೆ ನಿದ್ದೆ ಹತ್ತಿತ್ತು. ಮಾಮ ನೆಲದ ಮೇಲೆ ಗೋಡೆಗೊರಗಿ, ಮಗುವನ್ನು ಎರಡೂ ಅಂಗೈಯಲ್ಲಿ, ತುಂಬಿದ ಬಟ್ಟಲು ಹಿಡಿದಂತೆ ಹಿಡಿದು ಕೂತಿದ್ದರು. ಅಲುಗಾಡಲೂ ಹೆದರಿಕೆ.

“ಗಿಡ ಎಲ್ಲ ಹೋಯ್ತಲ್ಲ ಮಾಮ” ಎಂದೆ.

“ಹೋಗ್ಲಿ ಮಾರಾಯ.” ಅವರು ತಲೆ ಎತ್ತಲಿಲ್ಲ. “ನನ್ನ ಮೂರು ಮಕ್ಕಳಲ್ಲಿ ಒಬ್ಬರನ್ನೂ ನಾನು ಇಷ್ಟು ಸಣ್ಣದರಲ್ಲಿ ನೋಡಿದ್ದಿಲ್ಲ. ಮೂರು ಸಲವೂ ಗಲ್ಫಿನಲ್ಲೇ ಇದ್ದೆ. ಮಲಗಿದ್ದಾಳಲ್ಲ, ಇವಳನ್ನು ನಾನು ಮೊದಲು ನೋಡುವಾಗ ಇವಳು ಓಡಾಡ್ತಿದ್ದಳು. ರಾತ್ರಿ ಊಟ ಆದ ಮೇಲೆ ಉಮ್ಮನ ಹತ್ತಿರ ಕೇಳಿದಳು, ‘ಇವರು ಅವರ ಮನೆಗೆ ಯಾವಾಗ ಹೋಗುದು?’ ಅಂತ.”

ಅವರು ನಗಲು ನೋಡಿದರು. ಅಷ್ಟರಲ್ಲಿ ಮಗು ಮುಲುಗಿತು, ಮಾಮ ಅಂಗೈಗಳನ್ನು ಇನ್ನಷ್ಟು ಎತ್ತಿ ಹಿಡಿದರು.

ಮಾಮಿ ಬಾಗಿಲಲ್ಲೇ ನಿಂತಿದ್ದರು. ಒಳಗೆ ಬಂದು ಅವರ ಪಕ್ಕದಲ್ಲಿ ಕೂತರು.

“ಹಾಗೆ ಅಲ್ಲ. ಕುತ್ತಿಗೆ ಇನ್ನೂ ನಿಂತಿಲ್ಲ ಅದಕ್ಕೆ. ಕೈ ತಲೆಯ ಅಡಿಗೆ ಕೊಡಿ. ಹಾಂ, ಹೀಗೆ” ಎಂದು ಮಾಮನ ಮೊಣಕೈಯನ್ನು ತಾವೇ ಮಡಚಿ, ಮಗುವಿನ ತಲೆಯನ್ನು ಅದರ ಮೇಲೆ ಇಟ್ಟುಕೊಟ್ಟರು. ಇಟ್ಟ ಮೇಲೂ ತಮ್ಮ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.