ಹತ್ತು ಗುಂಟೆಯ ನಡುವೆ ಒಂದು ಪೈಪು

ಮಂಡಿ ಮೊಹಲ್ಲಾದಲ್ಲಿ ಮಹಡಿಯ ಮೇಲಿದೆ ನನ್ನ ವಕೀಲಿ ಕಚೇರಿ. ಮೆಟ್ಟಿಲು ಹತ್ತಿ ಬರುವವರೆಲ್ಲ ಸಂಕಟ ಹೊತ್ತೇ ಬರುತ್ತಾರೆ. ಅದನ್ನು ಕೇಳುತ್ತಾ ಮುಖ ಗಂಟುಹಾಕಿಕೊಂಡು ಕೂತಾಗಲೇ ನಗು ಉಕ್ಕುವಂಥ ಮಾತು ಬೀಳುವುದು ನನ್ನ ಹಣೆಬರಹ.

೧. ನೋಟಿಸು

ಆ ದಿನ ಬಂದವರು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು. ರಿಂಗ್ ರಸ್ತೆಯಾಚೆ ತವರಿನಿಂದ ಬಂದ ಹತ್ತು ಗುಂಟೆಯಲ್ಲಿ ಮನೆ ಕಟ್ಟಬೇಕೆಂದಿದ್ದರು. ಅದರ ನಟ್ಟನಡುವೆ ಗ್ಯಾಸ್ ಕಂಪನಿಯ ಪೈಪು ಹೋಗುತ್ತದೆಂದು ನೋಟಿಸು ಬಂದಿತ್ತು. ಕಾಗದವನ್ನು ನನ್ನ ಮೇಜಿನ ಮೇಲಿಟ್ಟರು.

"ಜಾಗ ಕಿತ್ಕೊಂಡ್ಬುಡ್ತಾರಾ ಸಾರ್?"

"ಇಲ್ಲಮ್ಮ. ಜಾಗ ನಿಮ್ಮದೇ. ಪೈಪು ಹೂಳೋಕೆ, ರಿಪೇರಿ ಮಾಡೋಕೆ ಉಪಯೋಗದ ಹಕ್ಕು ಮಾತ್ರ ಅವರದು. ಆದರೆ ಪೈಪಿನ ಮೇಲಿನ ಪಟ್ಟೀಲಿ ನೀವು ಮನೆ ಕಟ್ಟೋ ಹಾಗಿಲ್ಲ, ಮರ ನೆಡೋ ಹಾಗಿಲ್ಲ."

ಆಕೆ ಕಾಗದವನ್ನು ನನ್ನತ್ತ ಸರಿಸಿದರು.

"ಅಂಗಾದ್ರೆ ನಮ್ಮ ಯಜಮಾನ್ರ ಥರಾನೇ ಅನ್ನಿ. ನನ್ನವರೇ, ಉಪಯೋಗಕ್ಕಿಲ್ಲ."

೨. ಹಾಜರಿ

ಗಡುವಿನೊಳಗೆ ಆಕ್ಷೇಪಣೆ ಹಾಕಿದೆ. ಎರಡು ದಿನಕ್ಕೆ ಆಕೆಯ ಫೋನು: "ಕಂಪನಿಯವರು ಮನೇಗೆ ಬಂದವ್ರೆ, ಸೈನ್ ಕೇಳ್ತಾವ್ರೆ!" ಒಪ್ಪಿಗೆ ಪತ್ರಕ್ಕೆ ಸಹಿ ಬಿದ್ದರೆ ಆಕ್ಷೇಪಣೆಯ ಕತೆ ಮುಗಿಯಿತು. ಸ್ಕೂಟರ್ ಹತ್ತಿ ಕುವೆಂಪುನಗರದ ಅವರ ಬಾಡಿಗೆ ಮನೆಗೆ ಓಡಿದೆ.

ಬಾಗಿಲಲ್ಲೇ ಕಂಡಿತು: ಆಕೆಯ ಕೈಯಲ್ಲಿ ಪೆನ್ನು.

"ಬರೀ ಹಾಜರಿ ಅಮ್ಮ, ನಾವು ಬಂದಿದ್ವಿ ಅನ್ನೋದಕ್ಕೆ" ಎನ್ನುತ್ತಿದ್ದ ಕಂಪನಿಯವ.

"ಕನ್ನಡಕ ಸಿಗ್ತಿಲ್ಲ ಕಣಪ್ಪ, ಓದಿ ಹೇಳು."

ಬೇರೆ ದಾರಿಯಿಲ್ಲದೆ ಓದಿದ. ಮೂರನೇ ಪುಟದಲ್ಲಿ "ಸಂಪೂರ್ಣ ಒಪ್ಪಿಗೆ ಇದೆ" ಎಂಬಲ್ಲಿಗೆ ಬಂದು ದನಿ ಸಣ್ಣದಾಯಿತು.

ಆಕೆ ಪೆನ್ನಿಗೆ ಕ್ಯಾಪ್ ಹಾಕಿದರು. "ನಮ್ಮ ಶಾಲೇಲೂ ದಿನಾ ಹಾಜರಿ ಕೂಗ್ತಾರೆ. ಮಕ್ಕಳು 'ಎಸ್ ಸಾರ್' ಅಂತಾವೆ ಅಷ್ಟೆ, ಆಸ್ತಿ ಬರ್ಕೊಡಲ್ಲ!"

೩. ವಿಚಾರಣೆ

ಆಕ್ಷೇಪಣೆ ಕೇಳುವ ಅಧಿಕಾರಿ ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. ಅವರು ತಳ್ಳಿಹಾಕಿದರೆ ಮನೆಯ ಆಸೆ ಅಲ್ಲಿಗೇ ಮಣ್ಣುಪಾಲು. ಪೈಪನ್ನು ಬೇಲಿಯಂಚಿಗೆ ಸರಿಸಿ ಎಂಬುದಷ್ಟೇ ನಮ್ಮ ಬೇಡಿಕೆ. ರಾತ್ರಿಯೆಲ್ಲ ತಯಾರಿಸಿದ ವಾದದ ಕಡತ ಬಿಚ್ಚುವ ಮೊದಲೇ ಕಂಪನಿಯ ಎಂಜಿನಿಯರ್ ನಕ್ಷೆ ಹರವಿ ಹೇಳಿಬಿಟ್ಟ:

"ಸಾಧ್ಯವೇ ಇಲ್ಲ ಸರ್. ಪೈಪು ನೇರವಾಗೇ ಹೋಗಬೇಕು, ಬಗ್ಗಿಸೋಕಾಗಲ್ಲ."

ಅಧಿಕಾರಿ ಹೌದೆಂಬಂತೆ ತಲೆಯಾಡಿಸಿದರು. ಅಷ್ಟರಲ್ಲಿ ಆಕೆ ಎದ್ದುಹೋಗಿ ನಕ್ಷೆಯ ಮೇಲೆ ಬೆರಳಿಟ್ಟರು.

"ಇಲ್ಲಿ ಸೊಟ್ಟಗೆ ಹೋಗೈತಲ್ಲ ಸಾರ್, ಏನಿದು?"

ಎಂಜಿನಿಯರ್ ಕೆಮ್ಮಿದ. "ಅದು... ಯಾರದೋ ಕಲ್ಯಾಣ ಮಂಟಪ ಅಮ್ಮ."

"ಓ, ದೊಡ್ಡೋರ್ನ ಕಂಡ್ರೆ ಪೈಪೂ ಬಗ್ತದೆ ಅನ್ನಿ."

ಅಧಿಕಾರಿ ಕನ್ನಡಕ ತೆಗೆದು ಎಂಜಿನಿಯರ್ ಕಡೆ ತಿರುಗಿದರು. "ಉತ್ತರ ಹೇಳ್ರೀ. ಉತ್ತರಾನಾದ್ರೂ ನೇರವಾಗಿರಲಿ."

ಎಂಜಿನಿಯರ್ ನಕ್ಷೆ ಮಡಚತೊಡಗಿದ. ಪೈಪು ಬೇಲಿಯಂಚಿಗೆ ಸರಿಯಬೇಕೆಂದು ಅಲ್ಲೇ ಆದೇಶ ಬರೆಸಿದರು.

ಆಕೆ ಬಂದು ಪಕ್ಕದಲ್ಲಿ ಕೂತು, ನನ್ನ ಕೈಯಲ್ಲಿ ಇನ್ನೂ ಬಿಚ್ಚದೆ ಉಳಿದಿದ್ದ ಕಡತ ನೋಡಿ, ಮರುಕದಿಂದ ಪಿಸುಗುಟ್ಟಿದರು:

"ಈಗ ನೀವು ವಾದ ಶುರು ಮಾಡಿ ಸಾರ್."