ಬಚ್ಚಲಲ್ಲಿ ಮೀಟಿಂಗ್ ಮಾಡಿದ ಮಂತ್ರಿ

ಬಚ್ಚಲುಮನೆಯಲ್ಲಿ ಕೂತು ದೇಶ ಆಳಿದ ಮಂತ್ರಿಯನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅಮೆರಿಕದ ನೋವೈ ಊರಿನಲ್ಲಿ, ನನ್ನ ಮಗಳ ಪಕ್ಕದ ಮನೆಯಲ್ಲೇ ಇದ್ದರು!

ಅವರ ದೇಶ ಫಿನ್‌ಲ್ಯಾಂಡ್. ಮೊದಲು ಕಾಗದದ ಮಿಲ್ಲಿನಲ್ಲಿ ಕೂಲಿ, ಆಮೇಲೆ ಕಾರ್ಮಿಕ ಸಂಘದ ಮುಖಂಡ, ಆಮೇಲೆ ಮಂತ್ರಿ, ಆಮೇಲೆ ಚುನಾವಣೆಯಲ್ಲಿ ಸೋಲು. ಕಡೆಗೆ ನನ್ನ ಹಾಗೇ ಮಗಳ ಮನೆಗೆ ಬಂದು ಬಿದ್ದವರು. ಮಂತ್ರಿ ಎಂದರೆ ಹಿಂದೆ ಮುಂದೆ ಪೊಲೀಸರು ಬೇಡವೇ? ಇವರು ಕಸದ ಡಬ್ಬಿಯನ್ನು ತಾವೇ ರಸ್ತೆಗೆ ಎಳೆಯುತ್ತಿದ್ದರು!

ಹಿತ್ತಲಲ್ಲಿ ಒಂದು ಮರದ ಗೂಡು ಕಟ್ಟಿಕೊಂಡಿದ್ದರು. ಒಳಗೆ ಒಲೆ, ಒಲೆಯ ಮೇಲೆ ಕಲ್ಲು. ಕಲ್ಲಿಗೆ ನೀರು ಹಾಕಿದರೆ ಉಸಿರು ಕಟ್ಟುವ ಹಬೆ. ಅದಕ್ಕೆ ಸೌನಾ ಎಂದು ಹೆಸರು. ಮನುಷ್ಯರಿಗೆ ಇಡ್ಲಿಯ ಹಾಗೆ ಬೇಯುವ ಆಸೆ ಯಾಕೆ? ತಡೆಯಲಾರದೆ ಮಗಳಿಂದ ಕೇಳಿಸಿದೆ.

"ಅಲ್ಲಿ ಮಾಲೀಕನೂ ಕೂಲಿಯೂ ಒಂದೇ ಬೆಂಚಲ್ಲಿ ಕೂರ್ಬೇಕಂತೆ ಅಮ್ಮ. ಕೋಟಿಲ್ಲ, ಟೈ ಇಲ್ಲ. ಮೊದಲು ಎದ್ದೋನು ಸೋತ ಹಾಗೆ. ಸಂಬಳದ ಮಾತೆಲ್ಲ ಅಲ್ಲೇ ತೀರ್ಮಾನವಂತೆ!"

ಆ ಚಳಿಗಾಲ ಕಾರಿನ ಕಂಪನಿಗಳು ಮುಗ್ಗರಿಸಿದ್ದವು. ನಮ್ಮ ಅಳಿಯಂದಿರೂ ಸೇರಿ ಅವರ ಗುಂಪಿನ ನಾಲ್ಕು ಜನ ಇಂಜಿನಿಯರುಗಳಲ್ಲಿ ಒಬ್ಬರನ್ನು ತೆಗೆಯುತ್ತಾರೆಂದು ಸುದ್ದಿ ಬಂತು. ಯಾರನ್ನು? ಗೊತ್ತಿಲ್ಲ. ವೀಸಾದ ಮೇಲೆ ಬಂದವರಿಗೆ ಕೆಲಸ ಹೋದರೆ ಮನೆ ಹೋಯಿತು, ದೇಶವನ್ನೂ ಬಿಟ್ಟಂತೆ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುವುದನ್ನೇ ನಿಲ್ಲಿಸಿದರು. ಮಂತ್ರಿಗಳ ಕಿವಿಗೆ ಇದು ಬಿತ್ತು. ನಾಲ್ವರಿಗೂ ಸೌನಾಕ್ಕೆ ಕರೆ!

ಎಣ್ಣೆ ಹಚ್ಚದೆ ಅಷ್ಟು ಕಾವಿಗೆ ಮೈಯೊಡ್ಡಿದರೆ ಕಣ್ಣುರಿ ಬರುವುದಿಲ್ಲವೇ? ಹೊರಡಲು ನಮ್ಮ ಮನೆಯಲ್ಲಿ ಸೇರಿದ್ದ ನಾಲ್ವರ ಮುಂದೆ ಬಿಸಿ ಹರಳೆಣ್ಣೆಯ ಬಟ್ಟಲು ತಂದಿಟ್ಟೆ.

"ಅತ್ತೆ, ಇವತ್ತೇನು ದೀಪಾವಳೀನಾ?" ಎಂದರು ಅಳಿಯಂದಿರು.

"ಬೆಂಕಿಗೆ ಹಬ್ಬ ಗೊತ್ತಾಗುತ್ತಾ? ಸುಮ್ನೆ ಹಚ್ಕೊಳ್ಳಿ."

ನಾಲ್ವರಲ್ಲೊಬ್ಬ ಧಾರವಾಡದ ಹುಡುಗ, ಆಗಲೇ ಅಂಗಿ ಬಿಚ್ಚಿದ್ದ. "ಹಚ್ಕೊಂಬಿಡ್ರಿ. ಆಂಟಿ ನಮ್ಮವ್ವನಂಗ ಅದಾರ, ಬಿಡೂದಿಲ್ಲ."

ಮರದ ಬೆಂಚು, ನಾಲ್ಕು ಮೈಯ ಹರಳೆಣ್ಣೆ! ಮಂತ್ರಿಗಳು ಭಾಷಣಕ್ಕೆ ಕೂತಿದ್ದೇ ತಡ, ಆ ತುದಿಯಿಂದ ಜಾರಿಬಂದು ಧಾರವಾಡದವನ ತೊಡೆಯ ಮೇಲೆ ಬಿದ್ದರಂತೆ. "ಯಾವ ಮಾಲೀಕನೂ ನನ್ನನ್ನ ಇಷ್ಟು ದೂರ ಜಾರಿಸಿರಲಿಲ್ಲ!" ಎಂದರಂತೆ. ಎಷ್ಟೋ ದಿನದ ಮೇಲೆ ನಾಲ್ವರೂ ಒಟ್ಟಿಗೆ ನಕ್ಕರು. ನಕ್ಕ ಮೇಲೆ ಮಾತು ಬಂತು. ಒಬ್ಬನನ್ನು ತೆಗೆಯಬೇಡಿ, ನಾಲ್ವರಿಗೂ ವಾರದಲ್ಲಿ ಒಂದು ದಿನದ ಕೆಲಸ, ಸಂಬಳ ಎರಡನ್ನೂ ಕತ್ತರಿಸಿ ಎಂದು ಒಟ್ಟಿಗೆ ಹೋಗಿ ಕಂಪನಿಯವರನ್ನು ಕೇಳುವುದೆಂದು ತೀರ್ಮಾನವಾಯಿತು. ಹಾಗೇ ಕೇಳಿದರು.

ಉತ್ತರ ಬಂದ ದಿನ ಮಂತ್ರಿಗಳೂ ಅವರ ಮಗಳೂ ನಮ್ಮ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಅಳಿಯಂದಿರು ಬೂಟಿನಲ್ಲೇ ಒಳಗೆ ನುಗ್ಗಿದರು.

"ಅಂಕಲ್, ಒಪ್ಪಿದ್ರು!"

"ನಾಲ್ವರಿಗೂ?"

"ನಾಲ್ವರಿಗೂ."

"ಒಬ್ಬನೂ ಹೋಗಲಿಲ್ಲವಾ?"

"ಇಲ್ಲ ಅಂಕಲ್."

ಮಂತ್ರಿಗಳು ಲೋಟ ಕೆಳಗಿಟ್ಟು ಕಿಟಕಿಯ ಕಡೆ ತಿರುಗಿಕೊಂಡರು. ಅವರ ಮಗಳು ನನ್ನ ಮಗಳ ಕಿವಿಯಲ್ಲಿ ಏನೋ ಹೇಳಿದಳು. ಇವಳು ನನಗೆ ಹೇಳಿದಳು: "ಇವರು ಮಂತ್ರಿಯಾಗಿದ್ದಾಗಲೇ ಆ ಕಾಗದದ ಮಿಲ್ಲು ಮುಚ್ಚಿತಂತೆ ಅಮ್ಮ. ಎಲ್ಲರ ಕಾಲು ಹಿಡಿದರೂ ಒಬ್ಬನ ಕೆಲಸಾನೂ ಉಳಿಸಕ್ಕಾಗ್ಲಿಲ್ಲವಂತೆ. ಆಮೇಲೆ ಆ ಊರಿಗೇ ಹೋಗಿಲ್ಲವಂತೆ."

ಮುದುಕರ ಮುಖವೆಲ್ಲ ಒದ್ದೆ. ಒಲೆಯ ಪಕ್ಕದ ಬಟ್ಟೆ ಕೊಟ್ಟು, "ಬೆವರು ಒರೆಸ್ಕೊಳ್ಳಿ" ಎಂದೆ.

ಹೊರಗೆ ಹಿಮ ಬೀಳುತ್ತಿತ್ತು.