ಅಣ್ಣನ ಹೆಸರಿನಲ್ಲಿ ನನ್ನ ಬೆರಳು

ಉಪಕಾರ ಮಾಡುವ ಚಟ ಇರುವವರು ತಮ್ಮ ಬೆರಳುಗಳನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವುದು ಒಳ್ಳೆಯದು. ನಾನು ಓದಿದ್ದು ಐದನೇ ಕ್ಲಾಸು, ದೊಡ್ಡ ಮಾತು ನನಗೆ ಬಾರದು. ಇದನ್ನು ಮಾತ್ರ ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಎಡಗೈಯ ಒಂದು ಬೆರಳು ಮಾಡಿದ ಉಪಕಾರದಿಂದ ನನ್ನ ಅಣ್ಣ ಈರಣ್ಣ ಎಂಟು ತಿಂಗಳು ಸಿಹಿ ಮುಟ್ಟಲಿಲ್ಲ. ಅವನಿಗೆ ಮಕ್ತಲ್ ಬಸ್‌ಸ್ಟ್ಯಾಂಡಿನ ಹತ್ತಿರ ಮಿಠಾಯಿ ಅಂಗಡಿ ಇದೆ ಎಂದರೆ ಆ ಎಂಟು ತಿಂಗಳು ಎಷ್ಟು ಉದ್ದವಿತ್ತೆಂದು ನಿಮಗೆ ತಿಳಿದೀತು.

ನಮ್ಮಿಬ್ಬರ ನಡುವೆ ಹುಟ್ಟಿದವಳು ನರಸಮ್ಮ, ನನಗೆ ಅಕ್ಕ. ಆಶಾ ಕಾರ್ಯಕರ್ತೆ. ಅವಳಿಗೆ ಹಣ ಬರುವುದು ಹೆಚ್ಚಾಗಿ ಕೆಲಸದ ಎಣಿಕೆಯ ಮೇಲೆ. ಬಸುರಿಯನ್ನು ಹೆರಿಗೆಗೆ ಕರೆದೊಯ್ದರೆ ಒಂದು, ಕೂಸಿಗೆ ಲಸಿಕೆ ಹಾಕಿಸಿದರೆ ಒಂದು, ಮೂವತ್ತು ದಾಟಿದವರ ಬೆರಳು ಚುಚ್ಚಿ ಸಕ್ಕರೆ ನೋಡಿದರೆ ಒಂದು. ಗಂಡ ಸತ್ತ ಮುದುಕಿಯ ಪಕ್ಕ ಅರ್ಧ ದಿನ ಕೂತು ಅವಳ ಅಳಲು ಕೇಳಿದರೆ ಅದನ್ನು ಬರೆಯಲು ಫೋನಿನಲ್ಲಿ ಖಾನೆಯೇ ಇಲ್ಲ. ಅಕ್ಕ ಆದರೂ ಕೂರುತ್ತಾಳೆ. ಆಮೇಲೆ ತಿಂಗಳ ಕೊನೆಗೆ ಬೆರಳು ಕಡಿಮೆ ಬಿದ್ದು ಒದ್ದಾಡುತ್ತಾಳೆ. ಆ ದಿನಗಳಲ್ಲಿ ಅವಳು ಯಾರ ಮುಖವನ್ನೂ ನೋಡುವುದಿಲ್ಲ, ಕೈಯನ್ನೇ ನೋಡುತ್ತಾಳೆ.

ಅಂಥ ಒಂದು ದಿನ ಒಂದೇ ಒಂದು ಬೆರಳು ಉಳಿದಿತ್ತು, ಅದು ಅಣ್ಣನದು. ಕುದಿಯುವ ಎಣ್ಣೆಯ ಬಾಣಲೆಯ ಮುಂದೆ ಇಡೀ ದಿನ ನಿಲ್ಲುವ ಅಣ್ಣ ಸೂಜಿ ಕಂಡರೆ ಬೆವರುತ್ತಾನೆ.

"ಅಣ್ಣಾ, ಒಂದ ಹನಿ ರಕ್ತ. ನಿನ್ನ ಆಸ್ತಿ ಏನ ಕರಗೂದಿಲ್ಲ."

"ಹೋಗವಾ ನೀ! ನಿನ್ನ ಲೆಕ್ಕ ತುಂಬಾಕ ನನ್ನ ರಕ್ತ ಯಾಕ? ಬೇಕಾದ್ರ ಫೋಟೋ ಹೊಡಕೋ."

ಅಕ್ಕ ಫೋಟೋ ಹೊಡೆದುಕೊಂಡು ಹಿತ್ತಿಲಿಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಲ್ಲೇ ಇದ್ದ ನಾನು ಹತ್ತಿರ ಹೋದೆ. ಬೆರಳು ಚಾಚಿದೆ.

"ನಿಂದು ತಗೊಂಡು ಏನ ಮಾಡ್ಲಿ, ಮಲ್ಯಾ? ನಿನ್ನ ಆಧಾರ ರಾಯಚೂರಿಂದು. ಹೊಳಿ ಈಚಿ ಕಡಿ ಬ್ಯಾರೆ ರಾಜ್ಯ, ಇಲ್ಲಿ ಅದಕ್ಕ ಬೆಲಿ ಇಲ್ಲ."

ನಿಜ. ಹನ್ನೊಂದು ವರ್ಷ ರಾಯಚೂರಿನ ಅಕ್ಕಿ ಗಿರಣಿಯಲ್ಲಿದ್ದು ಬಂದವನು ನಾನು. ಮೈ ಮರಳಿ ಬಂದಿತ್ತು, ಕಾರ್ಡು ಅಲ್ಲೇ ಉಳಿದಿತ್ತು. "ಹಂಗಾರ ಅಣ್ಣನ ಹೆಸರಿಗೆ ಬರಕೋ. ರಕ್ತ ಒಂದ ಮನಿದಲ್ಲೇನು?" ಎಂದೆ. ಅಕ್ಕ ಅತ್ತಿತ್ತ ನೋಡಿ ಚುಚ್ಚಿದಳು.

ಮಿಷನ್ನಿನಲ್ಲಿ ಬಂದ ಅಂಕಿ ನೋಡಿ ಅವಳ ಮುಖ ಬಿಳಿಚಿತು. ನಾನು ಧೈರ್ಯ ಹೇಳಿದೆ: "ಈಗ ಎರಡು ಜಾಮೂನು ತಿಂದೀನಿ. ಅದು ಜಾಮೂನಿನ ಅಂಕಿ." ಅಷ್ಟರಲ್ಲಿ ಅವಳು ಒತ್ತಿಬಿಟ್ಟಿದ್ದಳು. ಒತ್ತಿದ್ದನ್ನು ಅಳಿಸುವ ಗುಂಡಿ ಆ ಫೋನಿನಲ್ಲಿಲ್ಲ. ಸಕ್ಕರೆ ಹೆಚ್ಚಿದ್ದವರನ್ನು ನಾರಾಯಣಪೇಟೆಯ ಡಾಕ್ಟರಿಗೆ ತೋರಿಸಬೇಕೆಂಬ ನಿಯಮ ಬೇರೆ. ಅಣ್ಣನ ರುಮಾಲು ಸುತ್ತಿಕೊಂಡು, ಅವನ ಆಧಾರ್ ಕಾರ್ಡು ಹಿಡಿದು ನಾನೇ ಹೋದೆ. ಕಾರ್ಡಿನ ಫೋಟೋದಲ್ಲಿ ಎಲ್ಲರೂ ಕಳ್ಳರಂತೆಯೇ ಕಾಣುವುದರಿಂದ ತೊಂದರೆಯಾಗಲಿಲ್ಲ. ಅಲ್ಲಿಯೂ ಅಂಕಿ ಹೆಚ್ಚೇ ಬಂತು. ದಾರಿಯಲ್ಲಿ ಕುಡಿದ ಚಹದ ಮೇಲೆ ತಪ್ಪು ಹಾಕಿದೆ.

ಅಣ್ಣನ ಫೋನಿಗೆ ಮೆಸೇಜು ಬಂತು: ನಿಮಗೆ ಸಕ್ಕರೆ ಕಾಯಿಲೆ ಇದೆ. ಅಣ್ಣ ಹೆದರಲಿಲ್ಲ, ಬೆರಗಾದ. "ನೋಡಲೇ ತಮ್ಮಾ! ಸೂಜಿ ಮುಟ್ಟಿಸಲಿಲ್ಲ. ಬರೇ ಫೋಟೋದಾಗ ಕಂಡು ಹಿಡದಾರ!" ಬಸ್ ಕಾಯುವವರಿಗೆಲ್ಲ ಸರ್ಕಾರದ ಈ ಹೊಸ ವಿದ್ಯೆಯನ್ನು ಬಣ್ಣಿಸಿದ. ಗುಳಿಗೆಯನ್ನು ಮಾತ್ರ ನುಂಗಲಿಲ್ಲ. "ನಾ ಬಾಯಿ ಕಟ್ಟತೀನಿ" ಎಂದು ತಿಂಗಳು ತಿಂಗಳು ಅಕ್ಕ ತಂದದ್ದನ್ನು ತುಪ್ಪದ ಖಾಲಿ ಡಬ್ಬಿಗೆ ಹಾಕಿದ.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ನಾಲಿಗೆಗೆ ಹಚ್ಚದೆ ಕಣ್ಣಳತೆಯಲ್ಲಿ ಪಾಕ ಮಾಡಿದ ಅಣ್ಣನ ಜಾಮೂನು ಗದ್ವಾಲಿನ ಒಂದು ಮದುವೆಯಿಂದ ಪಾತ್ರೆ ಸಮೇತ ವಾಪಸ್ಸು ಬಂತು. ಮರುದಿನದಿಂದ ಪಾಕದ ರುಚಿ ನೋಡುವ ಹುದ್ದೆ ನನಗೆ ಬಂತು. ಬೆಳಿಗ್ಗೆ ಒಂದು ಸೌಟು, ಸಂಜೆ ಒಂದು ಸೌಟು. ಇಂಥ ಹುದ್ದೆಯನ್ನು ಸತ್ಯಕ್ಕಾಗಿ ಬಿಟ್ಟುಕೊಡುವಷ್ಟು ದೊಡ್ಡ ಮನುಷ್ಯ ನಾನಲ್ಲ. ಗಂಟಲು ಒಣಗುತ್ತಿತ್ತು, ಪ್ಯಾಂಟು ಜಾರುತ್ತಿತ್ತು. "ತಮ್ಮ ಸೊರಗ್ಯಾನ" ಎಂದು ಅಣ್ಣ ತಾನು ಬಿಟ್ಟ ಜಾಮೂನನ್ನೂ ನನ್ನ ತಟ್ಟೆಗೇ ಹಾಕುತ್ತಿದ್ದ. ಹಾಕುವಾಗ ಒಮ್ಮೆ ಬೆರಳು ನೆಕ್ಕಲು ಹೋಗಿ, ನೆನಪಾಗಿ, ಪಂಚೆಗೆ ಒರೆಸಿಕೊಂಡ. ಅವತ್ತು ನನಗೆ ಜಾಮೂನು ಇಳಿಯಲಿಲ್ಲ. ಆದರೂ ತಿಂದೆ.

ಕೊನೆಗೆ ಮಾತಾಡಿದ್ದು ನನ್ನ ಕಾಲು. ಬಿಸಿ ಪಾಕ ಸಿಡಿದು ಎದ್ದ ಗುಳ್ಳೆ ತಿಂಗಳಾದರೂ ಮಾಯಲಿಲ್ಲ. ಅಕ್ಕ ನನ್ನ ಕಾಲನ್ನು ಮಡಿಲಿಗೆಳೆದುಕೊಂಡು ಅದನ್ನು ನೋಡಿದಳು. "ಅವತ್ತಿನ ಅಂಕಿ ಜಾಮೂನಿಂದಲ್ಲ ಮಲ್ಯಾ, ನಿಂದ. ನಡಿ, ಅಣ್ಣನ ಮುಂದ ಹೇಳೂಣು. ಕಾಲು ಹೋದ್ರ ಯಾರ ಹೆಸರಿಗೆ ಬರೀಲಿ?"

ಹೇಳಿದೆವು. ಅಣ್ಣ ಒಲೆ ಆರಿಸಿದ. ಸೌಟು ಅವನ ಕೈಯಲ್ಲೇ ಇತ್ತು, ನಾನು ಅದನ್ನೇ ನೋಡುತ್ತಿದ್ದೆ. ಅವನು ಸೌಟು ಕೆಳಗಿಟ್ಟು, ಬಾಣಲೆಯ ಮುಂದೆ ಕೂತು ಒಂದರ ಹಿಂದೆ ಒಂದರಂತೆ ಆರು ಜಾಮೂನು ತಿಂದ. ಆಮೇಲೆ ತುಪ್ಪದ ಡಬ್ಬಿಯನ್ನು ನನ್ನ ಮುಂದೆ ಸುರುವಿದ.

"ತಗೋ, ನಿನ್ನ ಆಸ್ತಿ. ನರಸವ್ವಾ, ಇವತ್ತ ಇವನ್ನ ಡಾಕ್ಟರ ಹತ್ರ ಕರಕೊಂಡು ಹೋಗು. ಹುಚ್ಚ ಸೂಳೆಮಗ, ಕಾಲು ಕಳಕೊಂಡಾನು."

ಡಾಕ್ಟರು ಬೈದು ಔಷಧ ಕೊಟ್ಟರು. ಗಾಯ ಮಾಯುತ್ತಿದೆ. ರಾಯಚೂರಿನ ಕಾರ್ಡು ಬದಲಾಗುವವರೆಗೆ ಫೋನಿನಲ್ಲಿ ಸಕ್ಕರೆಯ ರೋಗಿ ಅಣ್ಣನೇ. ಸಕ್ಕರೆ ಹತೋಟಿಗೆ ಬಂದವರ ಎಣಿಕೆಯನ್ನೂ ಮೇಲಿನವರು ಕೇಳುತ್ತಾರಂತೆ, ಹೀಗಾಗಿ ನಸುಕಿನಲ್ಲೇ ಅಕ್ಕ ನನ್ನನ್ನು ನಡೆಯಲು ಅಟ್ಟುತ್ತಾಳೆ. ನಾನು ಬೆವರುತ್ತೇನೆ, ಮೀಟಿಂಗಿನಲ್ಲಿ ಈರಣ್ಣನಿಗೆ ಶಭಾಷ್ ಸಿಗುತ್ತದೆ.

ಸಂಜೆ ಅಣ್ಣ ಬಿಸಿ ಜಾಮೂನು ಎರಡನ್ನು ತಟ್ಟೆಗೆ ಹಾಕಿಕೊಂಡು ನನ್ನೆದುರೇ ಕೂರುತ್ತಾನೆ. ಮೊದಲನೆಯದನ್ನು ಸುಮ್ಮನೆ ತಿನ್ನುತ್ತಾನೆ. ಎರಡನೆಯದನ್ನು ಎತ್ತಿ ತೋರಿಸಿ, "ಇದು ನಿನ್ನ ಹೆಸರಿಂದು, ತಮ್ಮಾ" ಎಂದು ತಾನೇ ಬಾಯಿಗೆ ಹಾಕಿಕೊಳ್ಳುತ್ತಾನೆ. ಅವನ ಮುಖ ನೋಡಿ, ಪಾಕ ಸರಿಯಾಗಿದೆ ಎಂದು ತಿಳಿದುಕೊಳ್ಳುತ್ತೇನೆ.